ಕಿಲ್ಪೆಕ್‌ನ ಮಣ್ಣಿನ ಕೋಟೆ ಮತ್ತು ಸುತ್ತಲಿನ ಹಳ್ಳಿ ಚರ್ಚುಗಳು: ನೋಡಹೋಗುವವರಿಗೆ ಒಂದು ಮಾರ್ಗದರ್ಶಿ

ಇಂಗ್ಲೆಂಡಿನ ಹೆರೆಫರ್ಡ್‌ಶೈರ್‌ನಲ್ಲಿರುವ ಕಿಲ್ಪೆಕ್ ಎಂಬ ಪುಟ್ಟ ಹಳ್ಳಿಗೆ ಬರುವವರಲ್ಲಿ ಬಹುಪಾಲು ಜನ ಅಲ್ಲಿನ ಚರ್ಚಿನ ಕೆತ್ತನೆಗಳನ್ನು ನೋಡಿ, ಒಂದಷ್ಟು ಚಿತ್ರ ತೆಗೆದುಕೊಂಡು, ಬೇಗನೆ ಹೊರಟುಬಿಡುತ್ತಾರೆ. ಚರ್ಚಿನ ಪಶ್ಚಿಮಕ್ಕೆ ಅಂಟಿಕೊಂಡಂತೆ ಹುಲ್ಲು ಹೊದ್ದು ನಿಂತಿರುವ ದಿಬ್ಬ ಅವರ ಕಣ್ಣಿಗೆ ಬರಿಯ ಗುಡ್ಡ. ಆದರೆ ಅದು ಜನರು ಅಗೆದು, ಹೊತ್ತು, ಸುರಿದು ಕಟ್ಟಿದ ಮಣ್ಣಿನ ಕೋಟೆ. ಅದನ್ನು ಆಳಿದ ಮನೆತನವೇ ಈ ಚರ್ಚನ್ನೂ ಕಟ್ಟಿಸಿತು. ಕೋಟೆ, ಚರ್ಚು ಮತ್ತು ಅವುಗಳ ಮಗ್ಗುಲಲ್ಲಿ ಹಬ್ಬಿದ್ದ ಹಳ್ಳಿ ಮೂರೂ ಒಂದೇ ಅಧಿಕಾರದ ನೆರಳಿನಲ್ಲಿ ಬೆಳೆದವು. ಆದ್ದರಿಂದ ಇಲ್ಲಿಗೆ ಬಂದವರು ಮೊದಲು ದಿಬ್ಬವನ್ನು ಹತ್ತಿ, ಆಮೇಲೆ ಚರ್ಚಿಗೆ ಇಳಿದು ಬರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಈ ಲೇಖನದ ಹಂತಗಳನ್ನೂ ಅದೇ ಕ್ರಮದಲ್ಲಿ ಇಟ್ಟಿದ್ದೇನೆ.

ಹೊರಡುವ ಮೊದಲು

ಕಾಲವನ್ನು ಆರಿಸಿಕೊಳ್ಳುವುದು ಮೊದಲ ಕೆಲಸ. ಬೇಸಿಗೆಯಲ್ಲಿ ಹಗಲು ದೀರ್ಘ, ಜೂನ್‌ನಲ್ಲಿ ರಾತ್ರಿ ಒಂಬತ್ತರ ನಂತರವೂ ಬೆಳಕಿರುತ್ತದೆ. ಆದರೆ ಆ ತಿಂಗಳುಗಳಲ್ಲಿ ಗಿಡಗಂಟಿ ದಟ್ಟವಾಗಿ ಬೆಳೆದು ಮಣ್ಣಿನ ಏರಿಳಿತಗಳನ್ನು ಮುಚ್ಚಿಬಿಡುತ್ತದೆ. ಮಣ್ಣಿನ ಕೋಟೆಯನ್ನು ನೋಡಲು ನವೆಂಬರ್‌ನಿಂದ ಮಾರ್ಚ್ ಆರಂಭದವರೆಗಿನ ಅವಧಿಯೇ ಉತ್ತಮ. ಆಗ ಮರಗಳಲ್ಲಿ ಎಲೆಯಿರುವುದಿಲ್ಲ, ಹುಲ್ಲು ಗಿಡ್ಡವಾಗಿರುತ್ತದೆ, ಸೂರ್ಯ ನಡುಹಗಲಲ್ಲೂ ತಗ್ಗಿನಲ್ಲೇ ಇರುವುದರಿಂದ ಅರ್ಧ ಅಡಿ ಎತ್ತರದ ಉಬ್ಬಿಗೂ ಉದ್ದನೆಯ ನೆರಳು ಬೀಳುತ್ತದೆ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕರ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆಂಬುದನ್ನು ಮಾತ್ರ ಲೆಕ್ಕದಲ್ಲಿಟ್ಟುಕೊಂಡು ಬೆಳಗ್ಗೆ ಬೇಗ ಹೊರಡಬೇಕು.

ಎರಡನೆಯದು ನಕ್ಷೆ. ಆರ್ಡನೆನ್ಸ್ ಸರ್ವೆಯ 1:25,000 ಪ್ರಮಾಣದ ಎಕ್ಸ್‌ಪ್ಲೋರರ್ ನಕ್ಷೆಯಲ್ಲಿ ಮಧ್ಯಯುಗದ ಕೋಟೆ, ಮಠ ಮೊದಲಾದ ಪುರಾತನ ಸ್ಥಳಗಳ ಹೆಸರನ್ನು ಹಳೆಯ ಕಾಲದ ಕೈಬರಹವನ್ನು ಹೋಲುವ ಬೇರೆಯೇ ಅಕ್ಷರಗಳಲ್ಲಿ ಮುದ್ರಿಸಿರುತ್ತಾರೆ. ಸಾರ್ವಜನಿಕರಿಗೆ ನಡೆಯುವ ಹಕ್ಕಿರುವ ಕಾಲುದಾರಿಗಳನ್ನು ಹಸಿರು ಚುಕ್ಕೆಗೆರೆಗಳಲ್ಲಿ ತೋರಿಸಿರುತ್ತಾರೆ. ಇದಕ್ಕಿಂತ ಹೆಚ್ಚಿನದು ಬೇಕಾದವರು ಲೈಡಾರ್ ಚಿತ್ರಗಳನ್ನು ನೋಡಬಹುದು. ವಿಮಾನದಿಂದ ಲೇಸರ್ ಕಿರಣ ಹಾಯಿಸಿ, ಗಿಡಮರಗಳನ್ನು ಕಳೆದು, ನೆಲದ ಮೈಯನ್ನಷ್ಟೇ ತೋರಿಸುವ ಈ ಚಿತ್ರಗಳನ್ನು ಇಂಗ್ಲೆಂಡಿನ ಪರಿಸರ ಸಂಸ್ಥೆ ಎಲ್ಲರಿಗೂ ಉಚಿತವಾಗಿ ಕೊಟ್ಟಿದೆ. ಅದರಲ್ಲಿ ಒಮ್ಮೆ ಕೋಟೆಯ ಆಕಾರವನ್ನು ನೋಡಿಕೊಂಡು ಹೋದರೆ, ಸ್ಥಳದಲ್ಲಿ ಕಾಲಿಗೆ ಸಿಗುವ ಪ್ರತಿಯೊಂದು ಉಬ್ಬುತಗ್ಗೂ ಯಾವುದರ ಭಾಗವೆಂಬುದು ತಾನಾಗಿ ತಿಳಿಯುತ್ತದೆ.

ನೀರಿಳಿಯದ ಬೂಟು, ಮಳೆಯಂಗಿ, ಒಂದು ಟಾರ್ಚು ಮತ್ತು ಒಂದು ದುರ್ಬೀನು ಜೊತೆಗಿರಲಿ. ಟಾರ್ಚು ಚರ್ಚಿನೊಳಗಿನ ಕತ್ತಲ ಮೂಲೆಗಳಿಗೆ, ದುರ್ಬೀನು ಸೂರಿನಡಿಯ ಕೆತ್ತನೆಗಳಿಗೆ. ಬೇಸಿಗೆಯಲ್ಲಿ ಹೋಗುವವರು ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ಸೇರಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಎತ್ತರದ ಹುಲ್ಲಿನಲ್ಲಿ ರಕ್ತ ಹೀರುವ ಉಣ್ಣಿಗಳಿರುತ್ತವೆ. ಊಟದ ಬುತ್ತಿಯನ್ನು ಕಟ್ಟಿಕೊಂಡೇ ಹೋಗಿ. ಹಳ್ಳಿಗಳಲ್ಲಿ ಪಬ್‌ಗಳಿವೆಯಾದರೂ ಅನೇಕ ಕಡೆ ಮಧ್ಯಾಹ್ನದ ಅಡುಗೆಮನೆ ಬೇಗ ಮುಚ್ಚುತ್ತದೆ, ವಾರದ ಕೆಲವು ದಿನ ತೆರೆಯುವುದೇ ಇಲ್ಲ. ಸಸ್ಯಾಹಾರಿಗಳಿಗೆ ಆಯ್ಕೆ ಇನ್ನೂ ಕಡಿಮೆ.

ತಲುಪುವ ದಾರಿ

ಕಿಲ್ಪೆಕ್ ಹೆರೆಫರ್ಡ್ ನಗರದಿಂದ ನೈಋತ್ಯಕ್ಕೆ ಸುಮಾರು 14 ಕಿಲೋಮೀಟರ್ ದೂರದಲ್ಲಿ, ಹೆರೆಫರ್ಡ್‌ನಿಂದ ವೇಲ್ಸ್‌ನ ಅಬರ್ಗವೆನಿಗೆ ಹೋಗುವ ಎ465 ಹೆದ್ದಾರಿಯಿಂದ ಸ್ವಲ್ಪ ಒಳಗಿದೆ. ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣದಿಂದ ಹೆರೆಫರ್ಡ್‌ಗೆ ರೈಲಿನಲ್ಲಿ ಸುಮಾರು ಮೂರು ಗಂಟೆ, ಬರ್ಮಿಂಗ್‌ಹ್ಯಾಮ್‌ನಿಂದ ಸುಮಾರು ಒಂದೂವರೆ ಗಂಟೆ, ಕಾರ್ಡಿಫ್‌ನಿಂದ ಸುಮಾರು ಒಂದು ಗಂಟೆ ಹಿಡಿಯುತ್ತದೆ. ಈ ನಗರಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದು ವಾರಾಂತ್ಯದ ಪ್ರವಾಸಕ್ಕೆ ಒಗ್ಗುವ ದೂರ. ಹೆರೆಫರ್ಡ್‌ನಿಂದ ಮುಂದಕ್ಕೆ ಕಾರು ಅಥವಾ ಟ್ಯಾಕ್ಸಿಯೇ ಅನುಕೂಲ. ಹಳ್ಳಿಗಾಡಿನ ಬಸ್ಸುಗಳು ವಿರಳವಾದುದರಿಂದ, ಬಸ್ಸನ್ನೇ ನೆಚ್ಚುವವರು ಹೋಗುವ ಬಸ್ಸಿಗಿಂತ ಮೊದಲು ಮರಳಿ ಬರುವ ಬಸ್ಸಿನ ಹೊತ್ತನ್ನು ನೋಡಿಕೊಳ್ಳಬೇಕು.

ಹೆದ್ದಾರಿ ಬಿಟ್ಟ ಮೇಲೆ ರಸ್ತೆಗಳು ಒಂದೇ ವಾಹನ ಹೋಗುವಷ್ಟು ಕಿರಿದು, ಎರಡೂ ಬದಿಗೆ ಎತ್ತರದ ಬೇಲಿ. ಎದುರಿಗೆ ಟ್ರ್ಯಾಕ್ಟರ್ ಬಂದರೆ ಹಿಂದಿನ ಅಗಲ ಜಾಗದವರೆಗೆ ಹಿಮ್ಮುಖವಾಗಿ ಹೋಗಲು ಸಿದ್ಧರಿರಬೇಕು. ವಾಹನವನ್ನು ಹೊಲದ ಗೇಟಿಗೆ ಅಡ್ಡವಾಗಿ ನಿಲ್ಲಿಸಲೇಬಾರದು. ಆ ಗೇಟನ್ನು ಯಾವ ಗಳಿಗೆಯಲ್ಲಾದರೂ ರೈತರು ತೆರೆಯಬೇಕಾಗಬಹುದು. ಕಣಿವೆಗಳಲ್ಲಿ ಮೊಬೈಲ್ ಸಿಗ್ನಲ್ ಎಲ್ಲೆಡೆ ಸಿಗುವುದಿಲ್ಲವಾದ್ದರಿಂದ ದಾರಿಯ ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಿ.

ದಿಬ್ಬವನ್ನು ಹತ್ತುವುದು

ಕಿಲ್ಪೆಕ್ ಕೋಟೆಗೆ ಟಿಕೆಟ್ ಇಲ್ಲ, ಕಾವಲುಗಾರರಿಲ್ಲ. ಚರ್ಚಿನ ಆವರಣದಿಂದ ಪಶ್ಚಿಮಕ್ಕೆ ನಡೆದರೆ ಕೋಟೆಯ ನೆಲಕ್ಕೇ ಕಾಲಿಡುತ್ತೀರಿ. ಇಲ್ಲಿ ಅವಸರ ಬೇಡ. ದಿಬ್ಬದ ನೆತ್ತಿಗೆ ನೇರವಾಗಿ ಹತ್ತುವ ಆಸೆಯನ್ನು ಸ್ವಲ್ಪ ತಡೆಹಿಡಿದು, ಮೊದಲು ಅದರ ಬುಡದ ಸುತ್ತ ನಡೆಯಿರಿ.

ಉತ್ತರ ಫ್ರಾನ್ಸಿನ ನಾರ್ಮಂಡಿಯಿಂದ ಬಂದ ನಾರ್ಮನ್ನರು 1066ರಲ್ಲಿ ಇಂಗ್ಲೆಂಡನ್ನು ಗೆದ್ದ ನಂತರ ದೇಶದ ತುಂಬ ಕಟ್ಟಿದ ಕೋಟೆಗಳಲ್ಲಿ ಹೆಚ್ಚಿನವು ಕಲ್ಲಿನವಲ್ಲ, ಮಣ್ಣು ಮತ್ತು ಮರದವು. ವೃತ್ತಾಕಾರವಾಗಿ ಆಳವಾದ ಅಗಳನ್ನು ತೋಡಿ, ಆ ಮಣ್ಣನ್ನೇ ನಡುವೆ ಸುರಿದು, ತುಳಿದು, ಗಟ್ಟಿಮಾಡಿ ಎತ್ತರದ ದಿಬ್ಬ ಮಾಡುತ್ತಿದ್ದರು. ಅದಕ್ಕೆ ಮಾಟ್ ಎಂದು ಹೆಸರು. ಅದರ ತಲೆಯ ಮೇಲೆ ಮರದ ಗೋಪುರ ಅಥವಾ ಬೇಲಿ. ದಿಬ್ಬದ ಪಕ್ಕದಲ್ಲಿ ಏರಿ ಮತ್ತು ಅಗಳಿನಿಂದ ಸುತ್ತುವರಿದ ಸಮತಟ್ಟಾದ ಅಂಗಳ; ಅದು ಬೈಲಿ. ಒಡೆಯನ ಸಭಾಮನೆ, ಅಡುಗೆಮನೆ, ಕುದುರೆಲಾಯ, ಕಮ್ಮಾರನ ಕುಲುಮೆ ಇವೆಲ್ಲ ಇರುತ್ತಿದ್ದದ್ದು ಅಂಗಳದಲ್ಲಿ. ಮಣ್ಣನ್ನೂ ಕೂಲಿಯವರನ್ನೂ ಸ್ಥಳದಲ್ಲೇ ಹೊಂದಿಸಿಕೊಂಡು, ಕಲ್ಲುಕುಟಿಗರಿಗೆ ಕಾಯದೆ ಕಟ್ಟಬಹುದಾದ ಕೋಟೆ ಇದಾದುದರಿಂದ, ಪರದೇಶದಿಂದ ಬಂದು ಹಗೆಯ ನಡುವೆ ನೆಲೆಯೂರಬೇಕಾದ ಕೆಲವೇ ಸಾವಿರ ಯೋಧರಿಗೆ ಇದು ಹೇಳಿಮಾಡಿಸಿದ ವಿಧಾನವಾಗಿತ್ತು.

ವೇಲ್ಸ್ ಗಡಿಗೆ ಹತ್ತಿರದ ಈ ಸೀಮೆಗೆ ಆಗ ಆರ್ಚನ್‌ಫೀಲ್ಡ್ ಎಂಬ ಹೆಸರಿತ್ತು. ಇಲ್ಲಿನ ಜನ ವೇಲ್ಸ್‌ನ ಮಾತು, ವೇಲ್ಸ್‌ನ ಕಟ್ಟಳೆಗಳನ್ನು ಉಳಿಸಿಕೊಂಡಿದ್ದರು. ವಿಜಯದ ನಂತರ ಕಿಲ್ಪೆಕ್ ವಿಲಿಯಂ ಫಿಟ್ಸ್‌ನಾರ್ಮನ್ ಎಂಬ ನಾರ್ಮನ್ ಸರದಾರನ ಪಾಲಿಗೆ ಬಂತು. ಹನ್ನೊಂದನೆಯ ಶತಮಾನ ಮುಗಿಯುವ ಹೊತ್ತಿಗೆ ದಿಬ್ಬ ಎದ್ದಿತ್ತೆಂಬುದು ಸಾಮಾನ್ಯವಾದ ಎಣಿಕೆ. ಹನ್ನೆರಡನೆಯ ಶತಮಾನದಲ್ಲಿ ಅದರ ನೆತ್ತಿಯ ಅಂಚಿಗೆ ಬಹುಕೋನಾಕಾರದ ಕಲ್ಲಿನ ಗೋಡೆ ಕಟ್ಟಿದರು.

ಬುಡ ಸುತ್ತುವಾಗ ಮೂರು ವಿಷಯ ಗಮನಿಸಿ. ಅಗಳು ಎಲ್ಲಿ ಆಳವಾಗಿದೆ, ಎಲ್ಲಿ ತುಂಬಿಹೋಗಿದೆ ಎಂಬುದು ಒಂದು. ಶತಮಾನಗಳಲ್ಲಿ ಮೇಲಿನಿಂದ ಜಾರಿದ ಮಣ್ಣು ಅಗಳಿನೊಳಗೆ ತುಂಬಿಕೊಂಡಿರುವುದರಿಂದ ಇಂದು ಕಾಣುವ ಆಳ ಮೊದಲಿನದಕ್ಕಿಂತ ಕಡಿಮೆ; ದಿಬ್ಬದ ಎತ್ತರಕ್ಕೂ ಇದೇ ಮಾತು. ಅಂಗಳ ಎಲ್ಲಿದೆ ಎಂಬುದು ಎರಡನೆಯದು. ದಿಬ್ಬಕ್ಕೂ ಚರ್ಚಿಗೂ ನಡುವೆ, ಪೂರ್ವಕ್ಕೆ, ಮೂತ್ರಪಿಂಡದ ಆಕಾರದಲ್ಲಿ ಬಾಗಿರುವ ಒಳ ಅಂಗಳವಿದೆ. ಅದರಾಚೆ ಇನ್ನೂ ಕೆಲವು ಹೊರ ಆವರಣಗಳ ಗುರುತುಗಳಿವೆ. ಅಂಗಳದ ನಡುವೆ ನಿಂತು ಸುತ್ತ ನೋಡಿದರೆ, ಕೋಟೆಯವರಿಗೆ ಚರ್ಚು ಮನೆ ಬಾಗಿಲ ಮುಂದಿನ ಗುಡಿಯಷ್ಟು ಹತ್ತಿರವಿತ್ತೆಂಬುದು ಅರಿವಾಗುತ್ತದೆ. ಮೂರನೆಯದು ಚರ್ಚಿನ ಈಶಾನ್ಯಕ್ಕಿರುವ ಹುಲ್ಲುಗಾವಲು. ಅಲ್ಲಿ ಮಣ್ಣಿನ ಏರಿಯಿಂದ ಸುತ್ತುವರಿದ ಮಧ್ಯಯುಗದ ಹಳ್ಳಿಯೊಂದಿತ್ತು. ಜನ ಬಿಟ್ಟುಹೋದ ಮೇಲೆ ಮನೆಗಳು ನೆಲಸಮವಾದರೂ, ಮನೆಗಳಿದ್ದ ಕಟ್ಟೆಗಳು ಮತ್ತು ನಡೆದು ನಡೆದು ತಗ್ಗಾದ ದಾರಿ ಹುಲ್ಲಿನಡಿಯಲ್ಲಿ ಉಳಿದಿವೆ. ತಗ್ಗಿದ ಬಿಸಿಲಿನಲ್ಲಿ ದೂರದಿಂದ ನೋಡಿದರೆ ಇವು ಚೆನ್ನಾಗಿ ಕಾಣುತ್ತವೆ.

ಆಮೇಲೆ ಹತ್ತಿ. ಹಸಿಯಾದಾಗ ಇಳಿಜಾರು ಬಹಳ ಜಾರುತ್ತದೆ. ಸವೆದ ಕಾಲುದಾರಿಯಲ್ಲಿಯೇ ಹೋಗಿ. ಇದು ನಿಮ್ಮ ಮೂಳೆಗಳ ಒಳಿತಿಗಷ್ಟೇ ಹೇಳುವ ಮಾತಲ್ಲ. ಹುಲ್ಲಿನ ಬೇರುಗಳೇ ಇಂಥ ಕೋಟೆಯನ್ನು ಹಿಡಿದಿಟ್ಟಿರುವ ಗಾರೆ. ಹೊಸ ಜಾಡು ಬಿದ್ದಲ್ಲೆಲ್ಲ ಮಳೆನೀರು ಹರಿದು ಮಣ್ಣನ್ನು ಕೊರೆಯುತ್ತದೆ, ಒಮ್ಮೆ ಕೊರೆದದ್ದನ್ನು ಮೊದಲಿನಂತೆ ಮಾಡಲಾಗುವುದಿಲ್ಲ. ನೆತ್ತಿಯ ಮೇಲೆ ಕಲ್ಲಿನ ಗೋಡೆಯ ಎರಡು ತುಂಡುಗಳು ಮಾತ್ರ ನಿಂತಿವೆ. ಅವುಗಳಲ್ಲೊಂದರಲ್ಲಿ ಒಲೆಗೂಡಿನ ಮತ್ತು ಹೊಗೆ ಹೋಗುವ ಕೊಳವೆಯ ಗುರುತನ್ನು ಹುಡುಕಿ ನೋಡಿ: ಹದಿಮೂರನೆಯ ಶತಮಾನದ ಆರಂಭದಲ್ಲಿ ಜಾನ್ ದೊರೆ ಸ್ವತಃ ಬಂದು ತಂಗಿದ್ದ ಕೋಟೆಯಲ್ಲಿ ಜನ ಚಳಿ ಕಾಯಿಸಿಕೊಂಡದ್ದಕ್ಕೆ ಉಳಿದಿರುವ ಸಾಕ್ಷಿ ಅದೊಂದೇ. ಗೋಡೆಯ ಮೇಲೆ ಹತ್ತಬೇಡಿ, ಕಲ್ಲು ಕದಲಿಸಬೇಡಿ. ಪಶ್ಚಿಮಕ್ಕೆ ತಿರುಗಿದರೆ, ಮೋಡವಿಲ್ಲದ ದಿನ, ವೇಲ್ಸ್ ಗಡಿಯ ಬ್ಲ್ಯಾಕ್ ಮೌಂಟನ್ಸ್ ಬೆಟ್ಟಸಾಲು ಕಾಣುತ್ತದೆ. ಕೋಟೆಯನ್ನು ಇಲ್ಲೇ ಏಕೆ ಕಟ್ಟಿದರು ಎಂಬ ಪ್ರಶ್ನೆಗೆ ಬೇರೆ ಉತ್ತರ ಬೇಡ.

ಕಾನೂನಿನ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಇಂಥ ಕೋಟೆಗಳು 1979ರ ಪುರಾತನ ಸ್ಮಾರಕಗಳ ಕಾಯಿದೆಯಡಿ ಸಂರಕ್ಷಿತವಾಗಿವೆ. ಅಗೆಯುವುದು, ಅನುಮತಿಯಿಲ್ಲದೆ ಲೋಹಶೋಧಕ ಯಂತ್ರ ಬಳಸುವುದು ಅಪರಾಧ. ಯಾವ ಸ್ಥಳ ಸಂರಕ್ಷಿತ ಎಂಬುದನ್ನು ಹಿಸ್ಟಾರಿಕ್ ಇಂಗ್ಲೆಂಡ್ ಸಂಸ್ಥೆಯ ರಾಷ್ಟ್ರೀಯ ಪಟ್ಟಿಯಲ್ಲಿ ಆನ್‌ಲೈನ್‌ನಲ್ಲೇ ನೋಡಬಹುದು. ಕುರಿಗಳು ಮೇಯುತ್ತಿದ್ದರೆ ನಾಯಿಯನ್ನು ಹಗ್ಗದಲ್ಲಿ ಹಿಡಿದಿರಬೇಕು. ಮರಿ ಹಾಕುವ ವಸಂತಕಾಲದಲ್ಲಿ ಕುರಿಗಳಿಂದ ದೂರವೇ ನಡೆಯುವುದು ಲೇಸು. ಗೇಟನ್ನು ಯಾವ ಸ್ಥಿತಿಯಲ್ಲಿ ಕಂಡಿರೋ ಅದೇ ಸ್ಥಿತಿಯಲ್ಲಿ ಬಿಟ್ಟುಹೋಗಿ.

ಕಿಲ್ಪೆಕ್ ಚರ್ಚು: ಹೊರಗಿನಿಂದ ಒಳಗೆ

ಸಂತ ಮೇರಿ ಮತ್ತು ಸಂತ ಡೇವಿಡ್ ಹೆಸರಿನ ಈ ಚರ್ಚನ್ನು ವಿಲಿಯಂನ ವಂಶದ ಹ್ಯೂ 1140ರ ಸುಮಾರಿಗೆ ಕಟ್ಟಿಸಿದನು. 1134ರಲ್ಲಿ ಇಲ್ಲಿನ ಚರ್ಚನ್ನು ಗ್ಲಾಸ್ಟರ್‌ನ ಮಠಕ್ಕೆ ದಾನ ಕೊಟ್ಟಿದ್ದರು. ಆ ಮಠದ ಶಾಖೆಯಾಗಿ ಕಿಲ್ಪೆಕ್‌ನಲ್ಲೊಂದು ಚಿಕ್ಕ ಸನ್ಯಾಸಿ ಮಠವೂ ನಡೆಯಿತು. ವೇಲ್ಸ್‌ನ ಸಂತ ಡೇವಿಡ್‌ನ ಹೆಸರು ಇಲ್ಲಿ ಉಳಿದಿರುವುದು, ನಾರ್ಮನ್ನರಿಗಿಂತ ಹಿಂದಿನ ಭಕ್ತಿಯ ಎಳೆ ಕಡಿಯಲಿಲ್ಲವೆಂಬುದನ್ನು ಸೂಚಿಸುತ್ತದೆ.

ಒಳಗೆ ನುಗ್ಗಬೇಡಿ. ದಕ್ಷಿಣದ ಬಾಗಿಲ ಮುಂದೆ ನಿಂತು ನಿಧಾನವಾಗಿ ನೋಡಿ. ಬಾಗಿಲ ಮೇಲಿನ ಅರ್ಧಚಂದ್ರಾಕಾರದ ಫಲಕದಲ್ಲಿ ಬಳ್ಳಿಯಂತೆ ಹಬ್ಬಿದ ಜೀವವೃಕ್ಷ. ಅದರ ಮೇಲಿನ ಕಮಾನುಗಳಲ್ಲಿ ಪಕ್ಷಿಗಳು, ಡ್ರ್ಯಾಗನ್‌ಗಳು, ಚಾಚಿದ ಕೊಕ್ಕಿನ ತಲೆಗಳು. ಎಡಗಡೆಯ ಕಂಬದಲ್ಲಿ ಬಳ್ಳಿಗಳ ಹೆಣಿಗೆಯಲ್ಲಿ ಸಿಕ್ಕಿಕೊಂಡ, ನೆರಿಗೆಯ ಷರಾಯಿ ತೊಟ್ಟ ಇಬ್ಬರು ಯೋಧರು ಒಬ್ಬರ ಮೇಲೊಬ್ಬರಿದ್ದಾರೆ. ಬಲಗಡೆಯ ಬೋದಿಗೆಯಲ್ಲಿ ಬಾಯಿಂದ ಎಲೆಬಳ್ಳಿ ಹೊರಡಿಸುವ ಮುಖವಿದೆ. ವೇಲ್ಸ್ ಗಡಿಯ ಈ ಮೂಲೆಯಲ್ಲಿ ಉತ್ತರ ಯುರೋಪಿನ ಹೆಣಿಗೆ ಮತ್ತು ಫ್ರಾನ್ಸ್, ಸ್ಪೇನ್‌ಗಳ ಯಾತ್ರಾಸ್ಥಳಗಳ ಶಿಲ್ಪದ ರೀತಿ ಒಂದೇ ಬಾಗಿಲಲ್ಲಿ ಕೂಡಿಕೊಂಡಿವೆ. ಇದನ್ನು ಮಾಡಿದ ಶಿಲ್ಪಿಗಳ ಹೆಸರು ಉಳಿದಿಲ್ಲ. ಅವರ ಕೈಯ ಗುರುತು ಸುತ್ತಲಿನ ಹಲವು ಚರ್ಚುಗಳಲ್ಲಿ ಕಾಣುವುದರಿಂದ ವಿದ್ವಾಂಸರು ಅವರನ್ನು ಹೆರೆಫರ್ಡ್‌ಶೈರ್ ಪಂಥ ಎಂದು ಕರೆಯುತ್ತಾರೆ.

ಅಲ್ಲಿಂದ ಚರ್ಚಿನ ಸುತ್ತ ಒಂದು ಪೂರ್ಣ ಸುತ್ತು ಬನ್ನಿ. ಸೂರಿನ ಕೆಳಗೆ ಸಾಲಾಗಿ ಚಾಚಿರುವ ಸುಮಾರು 85 ಕೆತ್ತನೆಯ ಕಲ್ಲುಗಳು ಉಳಿದಿವೆ. ಜೊತೆಯಾಗಿ ಕುಳಿತ ಮೊಲ ಮತ್ತು ಬೇಟೆನಾಯಿ, ಟಗರು, ವಾದ್ಯ ನುಡಿಸುವವನು, ಶಿಲುಬೆ ಹೊತ್ತ ಕುರಿಮರಿ, ಯಾವ ಪ್ರಾಣಿಯೆಂದು ಹೇಳಲಾಗದ ಮುಖಗಳು. ಪವಿತ್ರವಾದದ್ದೂ ಲೌಕಿಕವಾದದ್ದೂ ಯಾವ ಭೇದವೂ ಇಲ್ಲದೆ ಅಕ್ಕಪಕ್ಕದಲ್ಲಿವೆ. ಅವುಗಳ ನಡುವೆ ಷೀಲಾ ನ ಗಿಗ್ ಎಂದು ಹೆಸರಾದ, ಎರಡೂ ಕೈಗಳಿಂದ ತನ್ನ ಯೋನಿಯನ್ನು ತೆರೆದು ತೋರಿಸುವ ಹೆಣ್ಣಿನ ಶಿಲ್ಪವಿದೆ. ಕಾಮದ ವಿರುದ್ಧದ ಎಚ್ಚರಿಕೆ, ಕೆಟ್ಟದ್ದನ್ನು ತಡೆಯುವ ರಕ್ಷೆ, ಫಲವಂತಿಕೆಯ ಸಂಕೇತ ಎಂದು ವಿದ್ವಾಂಸರು ಬೇರೆ ಬೇರೆ ವಿವರಣೆ ಕೊಟ್ಟಿದ್ದಾರೆ. ಮಕ್ಕಳ ಜೊತೆ ಹೋಗುವವರು ಅವರ ಕಣ್ಣಿಗೆ ಅದು ಬೀಳದಂತೆ ಮರೆಮಾಡುವ ಅಗತ್ಯವಿಲ್ಲ. ಒಂಬತ್ತು ಶತಮಾನಗಳ ಕಾಲ ಊರಿನ ಮಕ್ಕಳೆಲ್ಲ ಅದರ ಕೆಳಗೇ ಓಡಾಡಿ ಬೆಳೆದಿದ್ದಾರೆ. ಪಶ್ಚಿಮದ ಗೋಡೆಯ ಬಳಿ ಬಂದಾಗ ಮೇಲಿಂದ ಹೊರಚಾಚಿರುವ, ಬಾಯ್ದೆರೆದ ಡ್ರ್ಯಾಗನ್ ತಲೆಗಳನ್ನು ತಪ್ಪದೆ ನೋಡಿ. ಅವು ಬಾಯಿ ತೆರೆದಿರುವುದು ಕೋಟೆಯ ದಿಕ್ಕಿಗೆ. ದಿಬ್ಬದಿಂದ ಇಳಿದು ಬಂದವರಿಗೆ ಮಾತ್ರ ಇದು ಹೊಳೆಯುತ್ತದೆ.

ಒಳಗಿನ ರಚನೆ ಸರಳ: ಜನ ಕೂರುವ ಭಾಗ, ಪೂಜಾಭಾಗ, ಅರ್ಧವೃತ್ತದ ಪೂರ್ವತುದಿ, ಒಂದರ ಹಿಂದೊಂದು. ನಡುವಿನ ಕಮಾನಿನ ಎರಡೂ ಬದಿಯಲ್ಲಿ ಒಬ್ಬರ ಮೇಲೊಬ್ಬರಂತೆ ಮೂವರು ಸಂತರು ನಿಂತಿದ್ದಾರೆ. ಚರ್ಚಿನ ಈಶಾನ್ಯ ಮೂಲೆಯಲ್ಲಿ ಹಳೆಯ ಒರಟು ಗೋಡೆಯ ತುಂಡೊಂದಿದೆ. ಅದು ನಾರ್ಮನ್ನರಿಗಿಂತ ಹಿಂದಿನ ಕಟ್ಟಡದ್ದಿರಬಹುದು. ಇಷ್ಟು ಕೆತ್ತನೆ ಇಷ್ಟು ಚೂಪಾಗಿ ಉಳಿಯಲು ಇಲ್ಲಿ ಬಳಸಿದ ಕೆಂಪು ಮರಳುಗಲ್ಲಿನ ಗಟ್ಟಿತನ ಒಂದು ಕಾರಣ. ಆದರೂ ಬೆರಳಿನಿಂದ ಮುಟ್ಟಬೇಡಿ. ಕೈಯ ಬೆವರು ಮತ್ತು ಎಣ್ಣೆಯಂಶ ಕಲ್ಲನ್ನು ಕೆಡಿಸುತ್ತವೆ.

ಹಳ್ಳಿ ಚರ್ಚಿನಲ್ಲಿ ನಡೆದುಕೊಳ್ಳುವ ರೀತಿ

ಈ ಚರ್ಚುಗಳು ವಸ್ತುಸಂಗ್ರಹಾಲಯಗಳಲ್ಲ. ಭಾನುವಾರ ಆರಾಧನೆ ನಡೆಯುತ್ತದೆ, ಮದುವೆ ಮತ್ತು ಶವಸಂಸ್ಕಾರಗಳೂ ನಡೆಯುತ್ತವೆ. ಅಂಥ ಹೊತ್ತಿನಲ್ಲಿ ಹೊರಗಿನ ಮಣ್ಣನ್ನೋ ಗೋಡೆಯನ್ನೋ ನೋಡುತ್ತ ಕಾಯುವುದು ಮರ್ಯಾದೆ. ಉಳಿದ ಹೊತ್ತಿನಲ್ಲಿ ಸಾಮಾನ್ಯವಾಗಿ ಹಗಲೆಲ್ಲ ಬಾಗಿಲು ತೆರೆದಿರುತ್ತದೆ. ಭಾರವಾದ ಹಳೆಯ ಬಾಗಿಲು ತಳ್ಳಿದ ಕೂಡಲೆ ತೆರೆಯಲಿಲ್ಲವೆಂದು ಹಿಂತಿರುಗಬೇಡಿ. ಕಬ್ಬಿಣದ ಬಳೆಯನ್ನು ತಿರುಗಿಸಿ ಅಗುಳಿಯನ್ನು ಎತ್ತಬೇಕಾಗುತ್ತದೆ. ನಿಜಕ್ಕೂ ಬೀಗ ಹಾಕಿದ್ದರೆ ಬೀಗದ ಕೈ ಯಾರ ಬಳಿ ಸಿಗುತ್ತದೆಂಬುದನ್ನು ಅನೇಕ ಕಡೆ ಬಾಗಿಲ ಬಳಿಯ ಸೂಚನಾಫಲಕದಲ್ಲಿ ಬರೆದಿರುತ್ತಾರೆ. ಒಳಹೋದ ಕೂಡಲೆ, ಹೊರಬಂದ ಕೂಡಲೆ ಬಾಗಿಲು ಮುಚ್ಚಿ, ಇಲ್ಲವಾದರೆ ಹಕ್ಕಿಗಳು ಒಳನುಗ್ಗಿ ಹೊರಬರಲಾಗದೆ ಸಾಯುತ್ತವೆ. ಬಾವಲಿಗಳಿದ್ದರೆ ತೊಂದರೆ ಕೊಡಬೇಡಿ, ಅವಕ್ಕೆ ಕಾನೂನಿನ ರಕ್ಷಣೆಯಿದೆ. ಬೂಟಿನ ಕೆಸರನ್ನು ಹೊರಗೇ ಒರೆಸಿ. ಹಾಕಿದ ದೀಪಗಳನ್ನು ಆರಿಸಿ ಬನ್ನಿ.

ಕಾಣಿಕೆ ಪೆಟ್ಟಿಗೆಗೆ ಏನಾದರೂ ಹಾಕಿ ಎಂದು ಒತ್ತಿ ಹೇಳುತ್ತೇನೆ. ಪ್ರವೇಶಶುಲ್ಕವಿಲ್ಲದ ಈ ಕಟ್ಟಡಗಳ ಮಾಡು, ಗೋಡೆ, ಚರಂಡಿಗಳ ದುರಸ್ತಿಯ ಭಾರವನ್ನು ಬಹುಮಟ್ಟಿಗೆ ಹೊತ್ತಿರುವವರು ಆ ಸಣ್ಣ ಊರಿನ ಜನ. ಅತಿಥಿಗಳ ಪುಸ್ತಕದಲ್ಲಿ ಹೆಸರು ಬರೆಯುವುದೂ ನೆರವೇ. ದುರಸ್ತಿಯ ಅನುದಾನ ಕೇಳುವಾಗ ಚರ್ಚನ್ನು ಜನ ಬಂದು ನೋಡುತ್ತಾರೆಂಬುದಕ್ಕೆ ಅದು ಸಾಕ್ಷಿಯಾಗುತ್ತದೆ.

ಮಧ್ಯಾಹ್ನದ ಮೇಲೆ: ಗೋಲ್ಡನ್ ವ್ಯಾಲಿಯ ಕಡೆಗೆ

ಒಂದು ದಿನಕ್ಕೆ ಕಿಲ್ಪೆಕ್ ಸೇರಿ ಮೂರು ಚರ್ಚುಗಳು ಸಾಕು. ಅದಕ್ಕಿಂತ ಹೆಚ್ಚಾದರೆ ಒಂದರ ನೆನಪು ಇನ್ನೊಂದರಲ್ಲಿ ಕಲಸಿಹೋಗುತ್ತದೆ.

ಮೊದಲು ಪಶ್ಚಿಮಕ್ಕೆ, ಗೋಲ್ಡನ್ ವ್ಯಾಲಿ ಎಂಬ ಕಣಿವೆಯಲ್ಲಿರುವ ಆಬಿ ಡೋರ್ ಗ್ರಾಮಕ್ಕೆ ಹೋಗಿ. 1147ರಲ್ಲಿ ಸ್ಥಾಪನೆಯಾದ, ಸರಳತೆಗೆ ಹೆಸರಾದ ಸಿಸ್ಟರ್ಷಿಯನ್ ಎಂಬ ಕ್ರೈಸ್ತ ಸನ್ಯಾಸಿ ಪಂಥದ ಮಠದ ಚರ್ಚು ಇದು; ಫ್ರಾನ್ಸಿನ ಮೊರಿಮಾಂದ್ ಮಠದಿಂದ ಸನ್ಯಾಸಿಗಳು ಬಂದು ನೆಲೆಸಿದ್ದರು. 1536ರಲ್ಲಿ ಎಂಟನೆಯ ಹೆನ್ರಿಯ ಕಾಲದಲ್ಲಿ ಮಠ ಮುಚ್ಚಿತು, ಚರ್ಚಿನ ಉದ್ದನೆಯ ಪಶ್ಚಿಮ ಭಾಗ ಅಳಿದುಹೋಯಿತು. ಉಳಿದ ಪೂರ್ವ ಭಾಗವನ್ನು 1630ರ ದಶಕದಲ್ಲಿ ಲಾರ್ಡ್ ಸ್ಕುಡಮೋರ್ ಜೀರ್ಣೋದ್ಧಾರ ಮಾಡಿಸಿ, 1634ರಲ್ಲಿ ಊರಿನ ಚರ್ಚಾಗಿ ಮತ್ತೆ ಪ್ರತಿಷ್ಠೆ ಮಾಡಿಸಿದನು. ಜಾನ್ ಏಬಲ್ ಎಂಬ ಬಡಗಿ ಓಕ್ ಮರದಲ್ಲಿ ಮಾಡಿದ ಭಾರಿ ತಡಿಕೆಯನ್ನು ನೋಡಿದ ಮೇಲೆ, ಪೂಜಾಸ್ಥಳದ ಹಿಂದಿನ ಪ್ರದಕ್ಷಿಣಾ ಪಥಕ್ಕೆ ಹೋಗಿ. ಬಿದ್ದ ಚಾವಣಿಯ ಕೆತ್ತನೆಯ ಕಲ್ಲುಗಳನ್ನು ಅಲ್ಲಿ ಹತ್ತಿರದಿಂದ ನೋಡಬಹುದು. ಕಿಲ್ಪೆಕ್‌ನ ಅಲಂಕಾರದ ಗದ್ದಲದ ನಂತರ ಈ ಎತ್ತರದ, ಬೋಳಾದ ಕಂಬಗಳು ಬೇರೆಯದೇ ಬಗೆಯ ಭಕ್ತಿಯನ್ನು ತೋರಿಸುತ್ತವೆ.

ಅಲ್ಲಿಂದ ದಕ್ಷಿಣಕ್ಕೆ ಯೂಯಸ್ ಹೆರಾಲ್ಡ್. ಇಲ್ಲಿನ ಕೋಟೆದಿಬ್ಬ ಚರಿತ್ರೆಯ ದೃಷ್ಟಿಯಿಂದ ಕಿಲ್ಪೆಕ್‌ಗಿಂತಲೂ ಮುಖ್ಯವಾದುದು: 1066ಕ್ಕೂ ಮೊದಲೇ, ಎಡ್ವರ್ಡ್ ದೊರೆಯ ಆಶ್ರಯದಲ್ಲಿ ಬಂದ ನಾರ್ಮನ್ನರು ಇಂಗ್ಲೆಂಡಿನಲ್ಲಿ ಕಟ್ಟಿದ ಬೆರಳೆಣಿಕೆಯ ಕೋಟೆಗಳಲ್ಲಿ ಒಂದು ಇಲ್ಲಿತ್ತೆಂದು ಇತಿಹಾಸಕಾರರು ಗುರುತಿಸುತ್ತಾರೆ. ವಿಜಯದ ನಂತರ ವಿಲಿಯಂ ಫಿಟ್ಸ್‌ಆಸ್ಬರ್ನ್ ಎಂಬ ನಾರ್ಮನ್ ಸರದಾರ ಅದನ್ನು ಮತ್ತೆ ಭದ್ರಪಡಿಸಿದ ಸಂಗತಿ 1086ರ ಡೂಮ್ಸ್‌ಡೇ ಲೆಕ್ಕಪುಸ್ತಕದಲ್ಲಿ ದಾಖಲಾಗಿದೆ. ದಿಬ್ಬ ಖಾಸಗಿ ಜಮೀನಿನಲ್ಲಿರುವುದರಿಂದ ಸಾರ್ವಜನಿಕ ದಾರಿಯಿಂದಷ್ಟೇ ನೋಡಿ.

ದಿನದ ಕೊನೆಗೆ ರೋಲ್‌ಸ್ಟನ್ ಇರಲಿ. ಬೆಟ್ಟದ ಮೇಲಿನ ಈ ಪುಟ್ಟ ಸಂತ ಪೀಟರ್ ಚರ್ಚಿನಲ್ಲಿ ಹೆರೆಫರ್ಡ್‌ಶೈರ್ ಪಂಥದ ಶಿಲ್ಪಿಗಳ ಕೆಲಸವೇ ಇದೆ. ದಕ್ಷಿಣದ ಬಾಗಿಲ ಮೇಲೆ ದೇವದೂತರು ಎತ್ತಿಹಿಡಿದ ಮಹಿಮಾನ್ವಿತ ಕ್ರಿಸ್ತ, ಬೋದಿಗೆಗಳಲ್ಲಿ ಪಕ್ಷಿಗಳು, ಒಳಗಿನ ಕಮಾನಿನ ಒಂದು ಬದಿಯಲ್ಲಿ ತಲೆಕೆಳಗಾಗಿ ನಿಂತ ಆಕೃತಿಗಳು. ಸಂತ ಪೀಟರ್‌ನನ್ನು ತಲೆಕೆಳಗಾಗಿ ಶಿಲುಬೆಗೆ ಏರಿಸಿದರೆಂಬ ನಂಬಿಕೆಗೆ ಇದು ಸಂಬಂಧಿಸಿದ್ದೆಂದು ಹಲವರ ಅಭಿಪ್ರಾಯ. ಚರ್ಚಿನ ಹತ್ತಿರದಲ್ಲೇ ಇಲ್ಲಿಯೂ ಒಂದು ಮಣ್ಣಿನ ದಿಬ್ಬವಿದೆ. ಬೆಳಗ್ಗೆ ಕಿಲ್ಪೆಕ್‌ನ ಅಗಳಿನ ಸುತ್ತ ನಡೆದವರಿಗೆ ಅದನ್ನು ಯಾರೂ ತೋರಿಸಬೇಕಾಗುವುದಿಲ್ಲ.

ಎರಡನೆಯ ದಿನ ಉಳಿಯುವವರಿಗೆ ಎರಡು ದಿಕ್ಕುಗಳಿವೆ. ದಕ್ಷಿಣದ ಗಾರ್ವೆಯಲ್ಲಿ ಟೆಂಪ್ಲರ್ ಯೋಧಸನ್ಯಾಸಿಗಳು ಕಟ್ಟಿದ ಸಂತ ಮೈಕೇಲ್ ಚರ್ಚಿದೆ. ಅವರ ವೃತ್ತಾಕಾರದ ಹಳೆಯ ಕಟ್ಟಡದ ಅಡಿಪಾಯವನ್ನು ಹೊರಗೆ ನೋಡಬಹುದು, ಮೊದಲು ಪ್ರತ್ಯೇಕವಾಗಿದ್ದ ಗೋಪುರವನ್ನು ಆಮೇಲೆ ಚರ್ಚಿಗೆ ಜೋಡಿಸಿದ್ದಾರೆ. ಪಶ್ಚಿಮದ ಲಾಂಗ್‌ಟೌನ್‌ನಲ್ಲಿ ಮಣ್ಣಿನ ದಿಬ್ಬದ ಮೇಲೆ 1200ರ ಸುಮಾರಿನ ದುಂಡನೆಯ ಕಲ್ಲಿನ ಗೋಪುರ ನಿಂತಿದೆ. ಇಂಗ್ಲಿಷ್ ಹೆರಿಟೇಜ್ ಸಂಸ್ಥೆ ನೋಡಿಕೊಳ್ಳುವ ಈ ಕೋಟೆಗೂ ಪ್ರವೇಶ ಉಚಿತ. ಅಲ್ಲಿಂದ ಸ್ವಲ್ಪ ದೂರದ ಕ್ಲೋಡಕ್‌ನಲ್ಲಿ, ಮನೌ ಹೊಳೆಯ ಪಕ್ಕದ ಚರ್ಚಿನಲ್ಲಿ, ಹದಿನೇಳನೆಯ ಶತಮಾನದ ಮೂರಂತಸ್ತಿನ ಪ್ರವಚನ ಪೀಠ ಹಾಗೆಯೇ ಉಳಿದಿದೆ. ನನ್ನನ್ನು ಕೇಳಿದರೆ ಮೊದಲು ಲಾಂಗ್‌ಟೌನ್ ಕಡೆಗೆ ಹೋಗಿ: ಮಣ್ಣಿನ ಮೇಲೆ ಕಲ್ಲು ಹೇಗೆ ಬಂತು ಎಂಬುದು ಕಿಲ್ಪೆಕ್‌ನಲ್ಲಿ ಊಹೆಗೆ ಬಿಟ್ಟದ್ದಾದರೆ, ಅಲ್ಲಿ ಗೋಪುರದೊಳಗೇ ನಿಂತು ನೋಡಬಹುದು.